ಬಾಡದ ಹಸಿರು

ತೊಟ್ಟಿಲ ಹಗ್ಗಕ್ಕೆ ಕಟ್ಟಿದ ಗಿಲಕಿಯ ಬಣ್ಣ ಮಂಕಾಗುತ್ತಿಲ್ಲ ಎಂಬ ಚಿಂತೆ ಈ ಬೇಸಿಗೆಯಲ್ಲಿ ನನ್ನ ತಲೆಗೆ ಹೊಕ್ಕಿತು, ಹೊಕ್ಕಿದ್ದು ಹೊರಗೆ ಹೋಗಲಿಲ್ಲ. ಬೇರೆ ತಾಯಂದಿರಾದರೆ ಬಣ್ಣ ಗಟ್ಟಿಯಾಗಿದೆ ಎಂದು ಸಂತೋಷಪಡುತ್ತಿದ್ದರೇನೋ. ನಾನೋ, ಮಗಳು ಪುಟ್ಟಿ ಸೀನಿದರೆ ನ್ಯುಮೋನಿಯಾವರೆಗೆ ಹೋಗಿಬರುವವಳು. ಅವಳು ಮಾಮೂಲಿಗಿಂತ ಹೆಚ್ಚು ಹೊತ್ತು ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ. ಅತ್ತೆ ಶಿವಲಿಂಗಮ್ಮ ನನ್ನ ಈ ಸ್ವಭಾವವನ್ನು ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಾರೆ. “ಬೆಂಗ್ಳೂರ್ ಸ್ಕೂಲಲ್ಲಿ ಓದವ್ಳೆ. ಅಲ್ಲಿ ಭಯಾನೂ ಒಂದು ಸಬ್ಜೆಕ್ಟು.”

ಆದರೆ ಇದು ಬರೀ ಭಯವಾಗಿರಲಿಲ್ಲ. ಹಗ್ಗಕ್ಕೆ ಎರಡು ಗಿಲಕಿ ಕಟ್ಟಿದ್ದೆ. ಒಂದು ನನ್ನ ಗಂಡ ಕೂಸಾಗಿದ್ದಾಗ ಕಡಿದದ್ದು, ಅತ್ತೆ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದರು. ಇನ್ನೊಂದು ಪುಟ್ಟಿ ಹುಟ್ಟಿದಾಗ ಬಂದದ್ದು. ಎರಡೂ ಹಸಿರು, ಎರಡೂ ಒಂದೇ ಮನೆಯಲ್ಲಿ ತಯಾರಾದವು. ಟ್ರಂಕಿನಿಂದ ತೆಗೆದಾಗ ಹಳೆಯದರಲ್ಲಿ ಇನ್ನೂ ಹಸಿರಿತ್ತು. ಕಿಟಕಿಯ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಅದು ಒಣಹುಲ್ಲಿನ ಬಣ್ಣಕ್ಕೆ ಬಂತು. ಹೊಸದು ಅದೇ ಕಿಟಕಿಯಲ್ಲಿ, ಅದೇ ಬಿಸಿಲಲ್ಲಿ, ನಿನ್ನೆ ತಾನೇ ಮಾಡಿದ ಹಾಗೆ ಹೊಳೆಯುತ್ತಿತ್ತು. ಪುಟ್ಟಿ ಅದನ್ನೇ ಹುಡುಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹಳೆಯದನ್ನು ಕೊಟ್ಟರೆ ಎಸೆಯುತ್ತಿದ್ದಳು.

ಅದು ಬಾಡಬೇಕು ಎಂದು ನನಗೆ ಗೊತ್ತಿತ್ತು, ಏಕೆಂದರೆ ಹಾಗೆಂದು ಬರೆದವಳು ನಾನೇ.

ದುಬಾರಿ ಕೈಗಡಿಯಾರ ಮಾಡಿ ಹೊರದೇಶಗಳಲ್ಲಿ ಮಾರುವ ಒಂದು ಕಂಪನಿಗೆ ನಾನು ಮನೆಯಲ್ಲೇ ಕೂತು ಬರೆದುಕೊಡುತ್ತೇನೆ. ಆ ಗಡಿಯಾರಗಳನ್ನು ಫೋಟೊದಲ್ಲಿ ಮಾತ್ರ ನೋಡಿದ್ದೇನೆ. ಅವನ್ನು ಕೊಳ್ಳುವವರು ಈಗ ಸಮಯ ಒಂದನ್ನೇ ಅಲ್ಲ, ಮನಸ್ಸಿನ ನೆಮ್ಮದಿಯನ್ನೂ ಕೇಳುತ್ತಾರಂತೆ. ಚಿನ್ನ ಯಾವ ಗಣಿಯದು, ಪಟ್ಟಿಯ ಚರ್ಮ ಎಲ್ಲಿಯದು, ಇದರಿಂದ ಭೂಮಿಗೆ ಕೇಡಾಯಿತೇ, ಬಡವರಿಗೆ ಒಳ್ಳೆಯದಾಯಿತೇ. ಹಾಗಾಗಿ ಕಂಪನಿಯವರು ಪ್ಲಾಸ್ಟಿಕ್ ಡಬ್ಬಿ ಬಿಟ್ಟು ನಮ್ಮ ಚನ್ನಪಟ್ಟಣದ ಅರಗಿನ ಡಬ್ಬಿ ಹಿಡಿದರು. ಬೊಂಬೆ ಮಾಡುವ ಅದೇ ಆಲೆ ಮರ, ಅದೇ ಅರಗು, ಅರಿಸಿನಕ್ಕೆ ನೀಲಿ ಗಿಡದ ಬಣ್ಣ ಬೆರೆಸಿದ ಹಸಿರು, ಹೆಂಗಸರ ಕೈಕೆಲಸ. ಪ್ರತಿ ಡಬ್ಬಿಯಲ್ಲೂ ಅದನ್ನು ಮಾಡಿದವರ ಬಗ್ಗೆ ಒಂದು ಪುಟ್ಟ ಕಾರ್ಡು. ಕಾರ್ಡಿನ ಕೊನೆಯಲ್ಲಿ ನನ್ನ ಸಾಲು: ಈ ಹಸಿರು ಎಲೆಯಂಥದು, ನಿಮ್ಮ ಜೊತೆ ಇದಕ್ಕೂ ವಯಸ್ಸಾಗುತ್ತದೆ.

ಕಾರ್ಡಿನಲ್ಲಿ ಫೋಟೊ ಇರುವುದು ಗುಲ್ಜಾರ್ ಬೀಯವರದು. ಕಾರ್ಡಿನಲ್ಲಿ ಹಿಡಿಸದೆ ಉಳಿದದ್ದು ಬಹಳ.

ಅವರು ಹುಟ್ಟಿದ್ದು ಸಾತನೂರಿನಲ್ಲಿ. ತಂದೆ ಹಳ್ಳಿಹಳ್ಳಿಯಿಂದ ರೇಷ್ಮೆಗೂಡು ಕೊಂಡು ರಾಮನಗರದ ಮಾರ್ಕೆಟ್ಟಿಗೆ ಹಾಕುತ್ತಿದ್ದರು. ಬಸ್ಸಿನಲ್ಲಿ ಗೂಡಿನ ಚೀಲದ ಪಕ್ಕ ಕೂತರೆ ಜನ ಮೂಗು ಮುಚ್ಚುತ್ತಿದ್ದರಂತೆ. “ಅದ್ಕೇ ನಮ್ಮಪ್ಪ ನನ್ನ ಮರದ ಕೆಲಸದೋರ್ಗೆ ಕೊಟ್ಟ. ವಾಸ್ನೆ ಇಲ್ದಿರೋ ಮನೆಗೆ ಹೋಗ್ಲಿ ಅಂದ್ಬುಟ್ಟು” ಎಂದು ಬೂಬಮ್ಮ ನಗುತ್ತಾರೆ. ನಾವು ಅವರನ್ನು ಬೂಬಮ್ಮ ಅನ್ನುವುದು. ಗಂಡ ರಸೂಲ್ ಸಾಬರು ಲೇತಿನ ಮೇಲೆ ಗಿಲಕಿ, ಬುಗುರಿ, ಮಕ್ಕಳು ಕಚ್ಚುವ ಬಳೆ ತಿರುವುತ್ತಿದ್ದರು. ಹೊಸ ಸೊಸೆಗೆ ಸಿಕ್ಕ ಮೊದಲ ಕೆಲಸ ಹೊಳಪು ಕೊಡುವುದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ, ಮೇಲೆ ಕೇದಗೆ ಗರಿ ಹಿಡಿದರೆ ಕನ್ನಡಿಯ ಹಾಗೆ ಮಿಂಚುತ್ತದೆ. ಮೊದಲ ಗಿಲಕಿ ಮುಗಿಸಿ ಕೊಟ್ಟಾಗ ರಸೂಲ್ ಸಾಬರು ಅದನ್ನು ವಾಪಸ್ಸು ಕೊಟ್ಟು, “ನೆಕ್ಕು” ಅಂದರಂತೆ.

“ಹೊಸ್ದಾಗಿ ಮದುವೆ ಆಗಿರೋದು. ತಮಾಷೆ ಮಾಡ್ತಾವ್ರೆ ಅನ್ಕೊಂಡೆ. ನೋಡಿದ್ರೆ ಮುಖದಾಗೆ ನಗೂನೇ ಇಲ್ಲ.”

ಅದು ಆ ಮನೆಯ ರೂಢಿ. ಕೂಸಿನ ಬಾಯಿಗೆ ಹೋಗುವ ಸಾಮಾನು ಮೊದಲು ಮಾಡಿದವರ ನಾಲಿಗೆಗೆ ಹೋಗಬೇಕು. ರಸೂಲ್ ಸಾಬರ ತಂದೆ ಹಾಗೆ ಮಾಡುತ್ತಿದ್ದರು, ಅವರ ತಂದೆಯೂ. ನಾಲಿಗೆಗೆ ಒಗರು ಹತ್ತಿದರೆ ಆ ಗಿಲಕಿ ಮನೆ ಬಿಟ್ಟು ಹೋಗುವಂತಿಲ್ಲ. ರಸೂಲ್ ಸಾಬರು ಎದೆನೋವಿನಲ್ಲಿ ಹೋದ ಮೇಲೆ ಗುಲ್ಜಾರ್ ಬೀ ತಾವೇ ಲೇತಿನ ಮುಂದೆ ಕೂತರು. ಹೆಂಗಸು ಉಳಿ ಹಿಡಿದಿದ್ದನ್ನು ನೋಡಲು ಬೀದಿಯವರು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. “ನಿಂತ್ಕಳ್ಳಿ, ನಿಂತ್ಕಳ್ಳಿ, ಸರ್ಕಸ್ ಟಿಕೇಟು ಆಮೇಲೆ ಇಸ್ಕತೀನಿ” ಅನ್ನುತ್ತಿದ್ದರು ಬೂಬಮ್ಮ. ಮಗನನ್ನು ಬೆಳೆಸಿದರು, ಅವನಿಗೆ ಗೂಡ್ಸ್ ಆಟೊ ಕೊಡಿಸಿದರು, ಕೆಹಕಶಾನಳನ್ನು ಸೊಸೆಯಾಗಿ ತಂದು ಅವಳಿಗೂ ಕೆಲಸ ಕಲಿಸಿದರು. ಸುತ್ತಲಿನ ಬೀದಿಗಳಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ, ಯಾವ ಜಾತಿ ಎಂದು ಕೇಳದೆ, ಒಂದು ಗಿಲಕಿ ಹೋಗುತ್ತಿತ್ತು. “ನನ್ನ ಗಿಲಕಿ ಕಚ್ಚಿ ಇವತ್ತಿನ್ ತನ್ಕ ಒಂದ್ ಮಗೀಗೂ ಭೇದಿ ಆಗಿಲ್ಲ” ಎಂಬುದು ಬೂಬಮ್ಮ ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದ ಒಂದೇ ಒಂದು ಹೆಚ್ಚುಗಾರಿಕೆ.

ಗಡಿಯಾರದ ಡಬ್ಬಿ ಬಂದಾಗಲೂ ನಾಲಿಗೆಯ ರೂಢಿ ನಿಲ್ಲಲಿಲ್ಲ. ಒಮ್ಮೆ ನಾನು ಅಸ್ಗರ್ ಅವರ ಕಾರ್ಖಾನೆಯಲ್ಲಿ ಕೂತಿದ್ದಾಗ ಇದನ್ನು ಕಣ್ಣಾರೆ ನೋಡಿದೆ. ಅಸ್ಗರ್ ಅಂದರೆ ಕಂಪನಿಯ ಆರ್ಡರು ಹಿಡಿದಿರುವವರು, ಹೆಂಗಸರೆಲ್ಲ ಅವರ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ಗುಲ್ಜಾರ್ ಬೀ ಮುಗಿಸಿದ ಡಬ್ಬಿಯ ಮುಚ್ಚಳವನ್ನು ತುಟಿಯ ಹತ್ತಿರ ತಂದು ನಾಲಿಗೆಯ ತುದಿ ಮುಟ್ಟಿಸಿ ಪಕ್ಕಕ್ಕಿಟ್ಟರು.

“ಅಮ್ಮಿ, ಅದು ವಾಚಿನ ಡಬ್ಬಿ” ಅಂದಳು ಕೆಹಕಶಾನ್. “ದೊಡ್ಡ ಸಾಹುಕಾರ ಬಂದು ನೆಕ್ತಾನಾ?”

“ಸಾಹುಕಾರಂಗೆ ಮೊಮ್ಮಗ ಇರಾಕಿಲ್ವೇನೆ?”

“ಇದ್ರೆ ಬೆಳ್ಳಿ ಗಿಲಕಿ ಇರ್ತದೆ.”

“ಬೆಳ್ಳಿ ಇದ್ರೇನು, ಮಕ್ಳು ಕಚ್ಚೋದು ಕಣ್ಣಿಗ್ ಬಿದ್ದಿದ್ನ.” ಆಮೇಲೆ ನನ್ನ ಕಡೆ ತಿರುಗಿ, “ಈಚೀಚ್ಗೆ ಹಸ್ರು ಒಸಿ ಸಿಹಿ ಬತ್ತದೆ ಕಣವ್ವ. ಅಸ್ಗರು ಒಳ್ಳೇ ಅರಗು ತರಿಸ್ತಾವ್ನೆ” ಅಂದರು. ಸಿಹಿ ಎಂದರೆ ಕೆಡುಕಲ್ಲ. ಒಗರು, ಕಹಿ, ಉಪ್ಪು ಇವನ್ನು ಹಿಡಿಯಲು ಮೂರು ತಲೆಮಾರಿನ ರೂಢಿಯಲ್ಲಿ ತಯಾರಾದ ನಾಲಿಗೆ ಅದು. ಸಿಹಿಗೆ ಹೆದರಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲಾದರೆ ಅರಗು ಕಾಯಿಸಿ ಬಣ್ಣ ಬೆರೆಸುತ್ತಿದ್ದುದು ಗುಲ್ಜಾರ್ ಬೀಯೇ, ತಮ್ಮ ಮನೆಯ ಒಲೆಯ ಮೇಲೆ. ಕಂಪನಿಯವರು ಬಂದು ನೋಡಿ, ಮನೆಯೊಳಗೆ ಕೆಂಡದ ಹೊಗೆ ಕೂಡದು, ಆರೋಗ್ಯಕ್ಕೆ ಕೆಟ್ಟದ್ದು ಅಂದರು. ತಪ್ಪು ಮಾತೇನಲ್ಲ, ಹೊಗೆಗೆ ಬೂಬಮ್ಮನ ಕಣ್ಣು ಸದಾ ಕೆಂಪಗಿರುತ್ತಿತ್ತು. ಅರಗು ಕಾಯಿಸುವ ಕೆಲಸ ಅಸ್ಗರ್ ಶೆಡ್ಡಿನ ಹಿಂದಿನ ಕೋಣೆಗೆ ಹೋಯಿತು. ಹೆಂಗಸರ ಕೈಗೆ ಸಿದ್ಧವಾದ ಬಣ್ಣದ ಕಡ್ಡಿ ಬರತೊಡಗಿತು. ಮೂಗಿಗೆ ಮಾಸ್ಕು, ಕುಡಿಯಲು ಫಿಲ್ಟರ್ ನೀರು, ಹೊಸ ಶೌಚಾಲಯ ಎಲ್ಲ ಬಂದವು. ಫಿಲ್ಟರಿನ ಪಕ್ಕದ ಗೋಡೆಯಲ್ಲಿ ಒಂದು ಬೋರ್ಡು: ಇಲ್ಲಿ ಏನಾದರೂ ತಪ್ಪು ಕಂಡುಬಂದರೆ ಈ ನಂಬರಿಗೆ ಕರೆ ಮಾಡಿ, ಹೆಸರು ಹೇಳಬೇಕಾಗಿಲ್ಲ. ಅದನ್ನು ಕನ್ನಡಕ್ಕೆ ಮಾಡಿದವಳೂ ನಾನೇ. ಹೆಂಗಸರು ಅದರ ಮೊಳೆಗೆ ಬುರ್ಖಾ, ಬ್ಯಾಗು ನೇತುಹಾಕುತ್ತಿದ್ದರು. ಯಾರೂ ಯಾವತ್ತೂ ಆ ನಂಬರು ಒತ್ತಿದ್ದನ್ನು ನಾನು ಕೇಳಿರಲಿಲ್ಲ.

ಡಬ್ಬಿಗೆ ಬಳಸಿ ಮಿಕ್ಕ ಅರಗಿನ ತುಂಡುಗಳನ್ನು ಗುಲ್ಜಾರ್ ಬೀ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದರು. ಆ ತುಂಡುಗಳಿಂದಲೇ ಬೀದಿಯ ಕೂಸುಗಳ ಗಿಲಕಿ. ಕಂಪನಿಯವರಿಗೆ ಇದು ಬಹಳ ಹಿಡಿಸಿತು. ಏನೂ ಪೋಲಾಗುವುದಿಲ್ಲ, ಉಳಿದದ್ದು ಮಕ್ಕಳ ನಗುವಾಗುತ್ತದೆ ಎಂದು ಅವರ ಪುಸ್ತಕದಲ್ಲಿ ಫೋಟೊ ಸಮೇತ ಹಾಕಿಕೊಂಡರು. ಫೋಟೊದಲ್ಲಿ ಗಿಲಕಿ ಹಿಡಿದಿರುವ ಕೂಸು ಪುಟ್ಟಿ.

ಕಳೆದ ಚಳಿಗಾಲದಿಂದ ಬೂಬಮ್ಮನಿಗೆ ಹೊಟ್ಟೆನೋವು. ಬಾಯಲ್ಲಿ ತುಕ್ಕು ಕಬ್ಬಿಣದ ರುಚಿ ಅನ್ನುತ್ತಿದ್ದರು. ಡಾಕ್ಟರು ಗ್ಯಾಸ್ ಅಂದರು. ಆಮೇಲೆ ಬಲಗೈಯ ಮಣಿಕಟ್ಟು ಸೋಲತೊಡಗಿತು. ಉಳಿ ಹಿಡಿದ ಕೈ ತಾನಾಗಿ ಕೆಳಗೆ ಜೋತು ಬೀಳುತ್ತಿತ್ತು, ನೀರಿಲ್ಲದ ಗಿಡದ ಹಾಗೆ. ಡಾಕ್ಟರು ವಯಸ್ಸು ಅಂದರು. ಬೂಬಮ್ಮ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ಎಡಗೈಯನ್ನು ಊರುಗೋಲಿನ ಹಾಗೆ ಕೊಟ್ಟುಕೊಂಡು ಕೆಲಸ ಮಾಡಿದರು. ಒಂದು ದಿನ ಉಳಿ ಜಾರಿ ತೊಡೆಗೆ ಬಿತ್ತು. ಆಮೇಲೆ ಮನೆಯಲ್ಲೇ ಉಳಿದರು.

ನಾನು ನೋಡಲು ಹೋಗಿದ್ದಾಗ ಅವರು ಮಂಚದ ಮೇಲೆ ಕೂತು ಆ ಕೈಯನ್ನು ಇನ್ಯಾರದೋ ಸಾಮಾನಿನಂತೆ ಮಡಿಲಲ್ಲಿಟ್ಟುಕೊಂಡಿದ್ದರು. “ನಂದೇ ಕೈ, ನಾನ್ ಹೇಳಿದ್ ಕೇಳಾಕಿಲ್ಲ. ಸೊಸೆ ಹಂಗೆ” ಅಂದರು. ಒಳಗಿನಿಂದ ಕೆಹಕಶಾನ್, “ಸೊಸೆ ಕೇಳ್ತಾಳೆ, ಟೀ ಮಾಡ್ತಾವ್ಳೆ” ಅಂದಳು. ನಾನು ನಕ್ಕೆ. ಮನೆಗೆ ಬರುವ ದಾರಿಯಲ್ಲಿ ನಗು ನಿಂತುಹೋಯಿತು. ಪುಟ್ಟಿಗೂ ಎರಡು ವಾರದಿಂದ ಹೊಟ್ಟೆ ಸರಿಯಿರಲಿಲ್ಲ. ಕಕ್ಕಸಿಗೆ ಹೋಗಲು ತಿಣುಕುತ್ತಿದ್ದಳು, ಊಟ ಬೇಡ ಅನ್ನುತ್ತಿದ್ದಳು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತ್ತು. ಮನೆಗೆ ಬಂದು ಕಿಟಕಿಯ ಎರಡು ಗಿಲಕಿಗಳನ್ನು ನೋಡಿದೆ. ಒಂದು ಒಣಹುಲ್ಲು, ಇನ್ನೊಂದು ಎಳೆ ಚಿಗುರು. ಅವತ್ತೇ ಹೊಸದನ್ನು ಬಿಚ್ಚಿ ಬೀರುವಿನ ಮೇಲಿಟ್ಟೆ. ಪುಟ್ಟಿ ಇಡೀ ಸಂಜೆ ಅತ್ತಳು.

ರಾಮನಗರದ ಮಕ್ಕಳ ಡಾಕ್ಟರಮ್ಮನಿಗೆ ನಾನೇ ಕೇಳಿದೆ, ರಕ್ತದಲ್ಲಿ ಸೀಸ ಇದೆಯಾ ನೋಡುತ್ತೀರಾ ಎಂದು.

“ಫೋನಲ್ಲಿ ಏನಾದ್ರೂ ಓದ್ಕೊಂಡು ಬಂದಿದೀರಾ?” ಅಂದರು ಅವರು. ಬಂದಿದ್ದೆ; ಬಾಡದ ಬಣ್ಣ, ಜೋತು ಬೀಳುವ ಕೈ, ಹೊಟ್ಟೆನೋವು ಎಲ್ಲ ಸೇರಿಸಿ ಹುಡುಕಿದರೆ ಸೀಸವೇ ಸಿಕ್ಕಿತ್ತು. ಆದರೂ ಪುಟ್ಟಿಯ ಕಣ್ಣು ನೋಡಿ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದರು. ಮತ್ತೆ ಹೋದಾಗ ಅವರ ದನಿ ಬೇರೆಯಾಗಿತ್ತು. “ಇದೆ. ಜಾಸ್ತಿ ಏನಲ್ಲ ಅಂತ ಹೇಳ್ಬಹುದಿತ್ತು, ಆದ್ರೆ ಇದ್ರಲ್ಲಿ ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಮಾತೇ ಇಲ್ಲ. ಮನೆಗೆ ಪೇಂಟ್ ಮಾಡ್ಸಿದ್ರಾ? ಕಾಡಿಗೆ ಹಚ್ತೀರಾ?”

“ಕಾಡ್ಗೆ ನಾನೇ ಮಾಡೋದು” ಅಂದರು ಜೊತೆಗೆ ಬಂದಿದ್ದ ಅತ್ತೆ, ಬೈಗುಳಕ್ಕೆ ಮೊದಲೇ ಉತ್ತರ ಸಿದ್ಧಮಾಡಿಕೊಂಡವರಂತೆ. “ಹರಳೆಣ್ಣೆ ದೀಪದ್ದು. ಅವ್ರಪ್ಪಂಗೂ ಅದ್ನೇ ಹಚ್ಚಿದ್ದು.”

“ಬಣ್ಣದ ಆಟದ ಸಾಮಾನು ಬಾಯಿಗೆ ಹಾಕ್ಕೊಳ್ತಾಳಾ? ಕೆಲವು ಬಣ್ಣ ಸಿಹಿ ಇರುತ್ತೆ, ಮಕ್ಕಳು ಬಿಡೋದೇ ಇಲ್ಲ.”

ಬೂಬಮ್ಮ ಅಂದದ್ದು ನೆನಪಾಯಿತು: ಈಚೀಚ್ಗೆ ಹಸ್ರು ಒಸಿ ಸಿಹಿ ಬತ್ತದೆ ಕಣವ್ವ. ಆಮೇಲೆ ಕೇಳಿದೆ, ಮುಂದೆ ಏನಾಗುತ್ತೆ, ಇವಳ ಬುದ್ಧಿಗೆ, ಮಾತಿಗೆ ಏನಾದರೂ. ಅವರು ಪುಟ್ಟಿಯ ಪಾದ ಹಿಡಿದುಕೊಂಡು, “ಬೇಗ ಗೊತ್ತಾಗಿದೆ. ಎಲ್ಲಿಂದ ಬರ್ತಿದೆ ಅದನ್ನ ನಿಲ್ಲಿಸಿ, ಮೂರು ತಿಂಗಳು ಬಿಟ್ಟು ನೋಡೋಣ. ಉಳಿದಿದ್ದು ಈಗ್ಲೇ ಹೇಳೋಕಾಗಲ್ಲ” ಅಂದರು. ಬಸ್ಸಿನಲ್ಲಿ ಅತ್ತೆ ಮೊದಲ ಸಲ ನನ್ನನ್ನು ಹಂಗಿಸಲಿಲ್ಲ. ಅದರಿಂದ ಇನ್ನೂ ಭಯವಾಯಿತು.

ಮಾರನೆಯ ದಿನ ಗಿಲಕಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಸ್ಗರ್ ಹತ್ತಿರ ಹೋದೆ. ಶೆಡ್ಡಿನಲ್ಲಿ ಲೇತುಗಳ ಸದ್ದು. ಅವರು ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಗಿಲಕಿ ತೋರಿಸಿ, ಮಗುವಿನ ರಕ್ತದ ವಿಷಯ ಹೇಳಿದೆ. ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾದವರ ಹಾಗೆ ಸ್ಟೂಲಿನ ಮೇಲೆ ಕೂತರು.

“ಮೊದ್ಲನೇ ಲಾಟು ಎಲ್ಲಾ ವಾಪಸ್ ಬಂತು ಮೇಡಂ. ಶೋರೂಮಿನ ದೀಪಕ್ಕೆ ಹಸಿರು ಹೋಗ್ಬಿಡ್ತಂತೆ. ಒಂದು ಡಬ್ಬಿ ಥರ ಇನ್ನೊಂದಿಲ್ಲ ಅಂದ್ರು. ಬಣ್ಣ ಗಿಡದಿಂದ್ಲೇ ಬರ್ಬೇಕು, ಆದ್ರೆ ಬಾಡ್ಬಾರ್ದು. ನೀವೇ ಹೇಳಿ, ಅಂಥ ಗಿಡ ಎಲ್ಲೈತೆ? ಬೆಂಗಳೂರಲ್ಲಿ ಪೇಟೆ ಅಂಗಡಿಯೋನು ಒಂದು ಪುಡಿ ಕೊಟ್ಟ. ಹಳದಿ, ಹಸಿರು ಎರಡೂ. ಅರಿಸಿನದ ಜೊತೆ ಒಂಚೂರು ಬೆರೆಸಿದೆ. ಆಮೇಲೆ ಒಂದು ಡಬ್ಬೀನೂ ವಾಪಸ್ ಬರ್ಲಿಲ್ಲ.”

“ಅದ್ರಲ್ಲಿ ಸೀಸ ಇತ್ತು ಅಂತ ಗೊತ್ತಿತ್ತಾ?”

“ಕೇಳ್ಲಿಲ್ಲ. ಡಬ್ಬಿ ತಾನೆ, ಯಾರ್ ನೆಕ್ತಾರೆ ಅನ್ಕೊಂಡೆ.”

ಅವರು ಬೂಬಮ್ಮನ ಬೀದಿಯಲ್ಲೇ ಬೆಳೆದವರು, ರಸೂಲ್ ಸಾಬರ ಲೇತಿನ ಮುಂದೆ ಕೂತು ಕೆಲಸ ಕಲಿತವರು. ತಾವಾಡಿದ ಮಾತು ತಮಗೇ ಕೇಳಿಸಿತೋ ಏನೋ, ಎರಡೂ ಕೈಯಿಂದ ಮುಖ ಒರೆಸಿಕೊಂಡರು.

“ಚಾಚಿ ಕೈ ಇದ್ರಿಂದ್ಲಾ?” ಎಂದು ಬೂಬಮ್ಮನ ಬಗ್ಗೆ ಕೇಳಿದರು.

“ಡಾಕ್ಟ್ರಿಗೆ ತೋರಿಸ್ಬೇಕು. ನಂಗೆ ಹಾಗನ್ಸುತ್ತೆ.”

“ಪುಡಿ ಇವತ್ತೇ ನಿಲ್ಲಿಸ್ತೀನಿ, ಅಲ್ಲಾನ ಆಣೆ. ಕಂಪ್ನಿಗೆ ಮಾತ್ರ ಹೇಳ್ಬೇಡಿ. ಅವ್ರು ಸರಿ ಮಾಡಲ್ಲ ಮೇಡಂ, ಬಿಟ್ಟು ಹೋಗ್ತಾರೆ. ಹೊರಗೆ ಕೂತವ್ರಲ್ಲ, ಅಷ್ಟು ಜನಾನೂ ನಾಳೆಯಿಂದ ಗಾರ್ಮೆಂಟ್ಸ್ ವ್ಯಾನ್ ಹತ್ತಬೇಕು.”

ಅದು ಬೆದರಿಕೆಯಾಗಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು. ಹೊರಗೆ ಬರುವಾಗ ಕೆಹಕಶಾನ್ ಹಸಿರು ಕಡ್ಡಿಯನ್ನು ಮರಕ್ಕೆ ಒತ್ತುತ್ತಾ, “ಅಕ್ಕ, ಪುಟ್ಟಿಗೆ ಹುಷಾರಾಯ್ತಾ?” ಅಂದಳು. ಬೋರ್ಡಿನ ಮೊಳೆಯಲ್ಲಿ ಅವಳ ಬ್ಯಾಗು ತೂಗುತ್ತಿತ್ತು.

ಆ ವಾರವೆಲ್ಲ ಫೋನು ಕೈಗೆತ್ತಿಕೊಳ್ಳುವುದು, ಕೆಳಗಿಡುವುದು. ಪುಡಿ ನಿಂತಿತಲ್ಲ, ಸಾಕಲ್ಲ ಅಂದುಕೊಳ್ಳುತ್ತಿದ್ದೆ. ಆಗ ಕೊಟ್ಟಾಗಿರುವ ಗಿಲಕಿಗಳು ನೆನಪಾಗುತ್ತಿದ್ದವು. ಎಷ್ಟು ಮನೆ, ಯಾವ ಮನೆ, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಬೂಬಮ್ಮ ಒಬ್ಬರಿಗೇ. ಅವರನ್ನು ಕೇಳಬೇಕಾದರೆ ಏಕೆ ಎಂದು ಹೇಳಬೇಕು. ಹಾಸಿಗೆ ಹಿಡಿದಿರುವ ಮುದುಕಿಗೆ, ಜೀವಮಾನವಿಡೀ ಒಂದೇ ಒಂದು ಹೆಚ್ಚುಗಾರಿಕೆ ಇಟ್ಟುಕೊಂಡವರಿಗೆ. ನನ್ನ ಗಂಡ, “ಅವ್ರಿಗ್ಯಾಕ್ ಹೇಳ್ತೀಯ, ಸುಮ್ನೆ ನೊಂದ್ಕತಾರೆ” ಅಂದರು. ಅತ್ತೆ ಪುಟ್ಟಿಗೆ ರಾಗಿ ಅಂಬಲಿ ಕುಡಿಸುತ್ತಾ ತಲೆ ಎತ್ತದೆ, “ಬೇರೆ ಕೂಸ್ಗಳು ಇನ್ನೂ ಕಡೀತಾವೆ” ಅಂದರು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಬೂಬಮ್ಮ ಕಿಟಕಿ ಪಕ್ಕ ಒರಗಿದ್ದರು. ಬಟ್ಟೆ ಬಿಚ್ಚಿ ಎರಡೂ ಗಿಲಕಿಯನ್ನು ಮಂಚದ ಮೇಲಿಟ್ಟೆ. ಹೇಗೆ ಶುರುಮಾಡುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು.

“ಇದು ನಮ್ಮನೆಯೋರು ಮಾಡಿದ್ದು” ಎಂದು ಹಳೆಯದನ್ನು ಹೆಬ್ಬೆರಳಿನಿಂದ ಸವರಿದರು. “ನಿನ್ ಗಂಡನ್ ಹಲ್ಲು ನೋಡು, ಇಲಿ ಕಡ್ದಂಗೈತೆ.” ಆಮೇಲೆ ಹೊಸದನ್ನು ಎಡಗೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದರು. ಹಳೆಯದರ ಪಕ್ಕ ಇಟ್ಟು ನೋಡಿದರು. ಮತ್ತೆ ಎತ್ತಿದರು. ಹುಬ್ಬು ಗಂಟಿಕ್ಕಿತು. ಅನುಮಾನ ಬಂದಾಗ ಅರವತ್ತು ವರ್ಷದ ಕೈ ಏನು ಮಾಡುತ್ತದೋ ಅದನ್ನೇ ಮಾಡಿತು, ಗಿಲಕಿ ತುಟಿಯ ಕಡೆಗೆ ಹೋಯಿತು.

ನಾನು ಅವರ ಕೈ ಹಿಡಿದುಕೊಂಡುಬಿಟ್ಟೆ. ಜೋರಾಗಿಯೇ ಹಿಡಿದಿರಬೇಕು.

ಬೂಬಮ್ಮ ನನ್ನ ಮುಖ ನೋಡಿದರು, ತಮ್ಮ ಕೈ ಹಿಡಿದ ನನ್ನ ಕೈ ನೋಡಿದರು, ಮಡಿಲಲ್ಲಿ ಜೋತುಬಿದ್ದಿದ್ದ ಬಲಗೈ ನೋಡಿದರು.

“ಪುಟ್ಟಿಗಾ?” ಅಂದರು.

ಎಲ್ಲ ಹೇಳಿದೆ. ಪುಡಿ, ಸೀಸ, ರಕ್ತ, ಅಸ್ಗರ್. ಮುಗಿದ ಮೇಲೆ ಬೂಬಮ್ಮ ಗಿಲಕಿಯನ್ನು ಮಂಚದ ಆ ಕೊನೆಗೆ ತಳ್ಳಿ, ಕೈಯನ್ನು ಸೀರೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

“ಸಿಹಿ ಇತ್ತು” ಅಂದರು. “ಎಲ್ರಿಗೂ ಹೇಳ್ದೆ, ಈ ಸಲದ್ದು ಸಿಹಿ ಐತೆ, ಕೊಡಿ ಮಗೀಗೆ ಅಂತ.”

“ನಿಮ್ಗೆ ಹೇಗ್ ಗೊತ್ತಾಗ್ಬೇಕು ಬೂಬಮ್ಮ.”

“ಗೊತ್ತಾಗ್ಲಿ ಅಂತಾನೇ ಅಲ್ವೇನವ್ವ ನೆಕ್ಕಿದ್ದು.”

ಕೆಹಕಶಾನ್ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಿದ್ದಳು, ಯಾವಾಗ ಬಂದಳೋ. ಬೂಬಮ್ಮ ಅವಳನ್ನು ನೋಡಿ ದನಿ ಗಟ್ಟಿ ಮಾಡಿಕೊಂಡರು. ಹೊಂಗೆಮರದ ಮನೆ, ಟೈಲರ್ ಮನೆ, ಸ್ಟೇಷನ್ ಹಿಂದಿನ ಅವಳಿ ಕೂಸು, ಮಾಗಡಿಯಿಂದ ಹೆರಿಗೆಗೆ ಬಂದಿದ್ದ ಹುಡುಗಿ, ಅಂಗನವಾಡಿ. ಗಿಲಕಿ ಹೋದ ಮನೆಗಳನ್ನು ಕಣ್ಣು ಮುಚ್ಚಿಕೊಂಡು ಒಂದೊಂದಾಗಿ ಹೇಳಿದರು. ನಾನೂ ಕೆಹಕಶಾನಳೂ ಮನೆ ಮನೆಗೆ ಹೋದೆವು. ಕೆಲವರು ಹೆದರಿ ಅಲ್ಲೇ ಕಿತ್ತುಕೊಟ್ಟರು. ಕೆಲವರು, “ಕಂಪ್ನಿ ಕೆಲ್ಸ ಸಿಕ್ಕಿದ್ಮೇಲೆ ಕೊಟ್ಟಿದ್ನೂ ವಾಪಸ್ ಕೇಳ್ತಾರಾ” ಅಂದರು. ಅಂಗನವಾಡಿಯ ಚಿಕ್ಕಲಕ್ಷ್ಮಮ್ಮ ಬಾಗಿಲ ತೋರಣಕ್ಕೆ ಕಟ್ಟಿದ್ದ ಗಿಲಕಿಗಳನ್ನು ಬಿಚ್ಚುತ್ತಾ, “ಗುಲ್ಜಾರ್ ಬೀ ಮಾಡಿದ್ರಲ್ಲಿ ವಿಷ ಅಂದ್ರೆ ನಾನ್ ನಂಬಲ್ಲ, ನೀವ್ ಬೆಂಗ್ಳೂರ್ನೋರು ಏನೇನೋ ಹುಡುಕ್ತೀರ” ಅಂದರು. ಆದರೂ ಕೊಟ್ಟರು. ಮಾಗಡಿಯ ಹುಡುಗಿಯ ಫೋನು ಹತ್ತಲಿಲ್ಲ. ಆ ಗಿಲಕಿ ಇನ್ನೂ ಅಲ್ಲೇ ಎಲ್ಲೋ ಇದೆ.

ಚೀಲ ತಂದು ಮಂಚದ ಪಕ್ಕ ಇಟ್ಟಾಗ ಗಿಲಕಿಗಳು ಒಳಗೆ ಒಂದಕ್ಕೊಂದು ತಾಗಿ ಗಿಲಗಿಲ ಅಂದವು. ಬೂಬಮ್ಮ ಮುಖ ಗೋಡೆಗೆ ತಿರುಗಿಸಿದರು.

“ಡಬ್ಬಿಗಳು ಹೋಗವ್ಯಲ್ಲ ದೂರ ದೇಶಕ್ಕೆ” ಅಂದರು ಆ ಕಡೆಯಿಂದಲೇ. “ಅಲ್ಲೂ ಮಕ್ಳು ಇರ್ತವೆ.”

“ಅಮ್ಮಿ, ಕಂಪ್ನಿಗೆ ಹೇಳಿದ್ರೆ ಕೆಲ್ಸ ಹೋಗ್ತದೆ” ಅಂದಳು ಕೆಹಕಶಾನ್. ಮೆಲ್ಲಗೆ ಅಂದಳು, ತಡೆಯುವಂತೆ ಅಲ್ಲ, ಎಲ್ಲರಿಗೂ ಗೊತ್ತಿರಲಿ ಎಂಬಂತೆ. “ನಂದೂ ಹೋಗ್ತದೆ, ಅಕ್ಕಂದೂ ಹೋಗ್ತದೆ.”

“ನೀನೂ ಹಸ್ರು ಕಡ್ಡಿ ಹಿಡೀತೀಯ. ನೀನೂ ನೆಕ್ತೀಯ. ನಾನೇ ಕಲ್ಸಿದ್ದು.”

ಕೆಹಕಶಾನ್ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

ನಾನು ಫೋನು ತೆಗೆದೆ. ಬೋರ್ಡಿನ ಆ ನಂಬರನ್ನು ಎಷ್ಟು ಸಲ ತಿದ್ದಿ ಪ್ರಿಂಟಿಗೆ ಕಳಿಸಿದ್ದೆನೆಂದರೆ ಅದು ಬಾಯಿಪಾಠ. “ಹೆಸರು ಹೇಳ್ಬೇಕಾಗಿಲ್ಲ ಬೂಬಮ್ಮ” ಅಂದೆ. “ಯಾರು ಅಂತ ಅವ್ರಿಗೆ ಗೊತ್ತಾಗಲ್ಲ.”

ಅವರು ಗೋಡೆಯಿಂದ ಈ ಕಡೆ ತಿರುಗಿದರು. “ಡಬ್ಬಿ ಒಳ್ಗೆ ನನ್ ಹೆಸ್ರು ಹಾಕಿದ್ಯಲ್ಲ, ಫೋಟೊ ಹಾಕಿದ್ಯಲ್ಲ. ಒಳ್ಳೇದಕ್ಕೆ ಹೆಸ್ರು ಬೇಕಿತ್ತು, ಈಗ ಬ್ಯಾಡ್ವಾ? ಹೇಳು.”

ನಂಬರು ಒತ್ತಿದೆ. ಮೊದಲು ರೆಕಾರ್ಡು ಮಾಡಿದ ಹೆಣ್ಣು ದನಿ, ಇಂಗ್ಲಿಷು, ಹಿಂದಿ, ಬಹಳ ಹೊತ್ತು ಪಿಟೀಲಿನ ಸದ್ದು. ಆಮೇಲೆ ಒಬ್ಬ ಗಂಡಸು, ನಿದ್ದೆಯಿಂದ ಎದ್ದವನಂತೆ ಮೆತ್ತಗೆ ಕನ್ನಡದಲ್ಲಿ, “ನಮಸ್ಕಾರ, ನಿಮ್ಮ ಹೆಸರು ಹೇಳುವುದು ಕಡ್ಡಾಯವಲ್ಲ” ಅಂದ. ನಾನು ನನ್ನ ಹೆಸರು ಹೇಳಿದೆ. ಪಕ್ಕದಲ್ಲಿ ಗುಲ್ಜಾರ್ ಬೀ ಇದ್ದಾರೆ, ಚನ್ನಪಟ್ಟಣ, ನಿಮ್ಮ ಹಸಿರು ಡಬ್ಬಿಯ ಕಾರ್ಡಿನಲ್ಲಿ ಇರುವವರು ಅಂದೆ.

“ಹೇಳಿ, ಏನು ದೂರು?”

“ಬಣ್ಣದ್ದು” ಅಂದೆ. “ಬಣ್ಣ ಬಾಡುತ್ತಿಲ್ಲ.”

“ಬಾಡುತ್ತಿಲ್ಲ ಅಂದರೆ ಒಳ್ಳೆಯದಲ್ಲವೇ ಮೇಡಂ?”

ಬೂಬಮ್ಮ ಎಡಗೈಯಿಂದ ನನ್ನ ಮೊಣಕೈ ಹಿಡಿದುಕೊಂಡಿದ್ದರು. “ಅಲ್ಲ” ಅಂದೆ, ಮೊದಲಿನಿಂದ ಹೇಳತೊಡಗಿದೆ.